ಒಳ್ಳೆಯ ಜ್ವರ

ಬ್ರೆಸ್ಲಾವ್, ಅಕ್ಟೋಬರ್ ೬, ೧೮೮೯

ನಮ್ಮವರ ಹೆಸರು ಇವತ್ತು ಮೂರು ಪತ್ರಿಕೆಗಳಲ್ಲಿ ಬಂದಿದೆ. ಒಂದರಲ್ಲಿ ಅಕ್ಷರ ತಪ್ಪಾಗಿ ಬಿದ್ದಿದೆ ಎಂದು ಬೆಳಗಿನಿಂದ ಮುಖ ಊದಿಸಿಕೊಂಡು ಕೂತಿದ್ದಾರೆ. ಉಳಿದೆರಡನ್ನು ಓದಿ ಒಳಗೊಳಗೇ ಹಿಗ್ಗಿದ್ದನ್ನು ನಾನು ನೋಡಲಿಲ್ಲ ಎಂದುಕೊಂಡಿದ್ದಾರೆ, ಪಾಪ. ಕ್ಷಯಕ್ಕೆ ಪ್ರೊಫೆಸರ್ ಆಲ್ವಿನ್ ರೋಡೆ ಮದ್ದು ಕಂಡುಹಿಡಿದಿದ್ದಾರೆ ಎನ್ನುವ ಸುದ್ದಿ ಅಷ್ಟೇ. ಅಷ್ಟಕ್ಕೇ ಮಧ್ಯಾಹ್ನದ ಹೊತ್ತಿಗೆ ನಮ್ಮ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿಲ್ಲ. ಕೆಳಗೆ ಆಸ್ಪತ್ರೆ, ನಡುವೆ ಪ್ರಯೋಗಶಾಲೆ, ಮೇಲೆ ನಮ್ಮ ಮನೆ. ಕೆಳಗಿನವರ ಕೆಮ್ಮು ಮೆಟ್ಟಿಲು ಹತ್ತಿ ನನ್ನ ಅಡುಗೆಮನೆಯವರೆಗೂ ಬರುತ್ತದೆ.

ನನಗೆ ಹೆಮ್ಮೆಯಾಗದೆ ಇರುತ್ತದೆಯೇ? ಸಣ್ಣ ಊರಿನ ಡಾಕ್ಟರಾಗಿದ್ದಾಗ ಇವರಿಗೆ ಪ್ರಯೋಗಶಾಲೆ ಎಂದರೆ ನನ್ನ ಅಡುಗೆಮನೆಯ ಕಿಟಕಿ ಕಟ್ಟೆ. ಬೇಯಿಸಿದ ಆಲೂಗಡ್ಡೆಯನ್ನು ಹೋಳು ಮಾಡಿ ಅದರ ಮೇಲೆ ರೋಗಾಣು ಬೆಳೆಸುತ್ತಿದ್ದರು. ಸೂಕ್ಷ್ಮದರ್ಶಕದಲ್ಲಿ ರೋಗಾಣು ಎದ್ದು ಕಾಣಲೆಂದು ಗಾಜಿನ ಪಟ್ಟಿಗೆ ಬಣ್ಣ ಹಾಕಿಕೊಡುವ ಕೆಲಸ ನನ್ನದು. ನನ್ನ ಕೈಯ ನೀಲಿ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ, ಚರ್ಚಿನಲ್ಲಿ ಹೆಂಗಸರು ಮೂಗು ಮುರಿಯುತ್ತಿದ್ದರು. ಈಗ ಅದೇ ಹೆಂಗಸರು ಕಾಣಿಕೆ ಕಳಿಸುತ್ತಿದ್ದಾರೆ.

ರಾತ್ರಿ ಊಟಕ್ಕೆ ಡಾಕ್ಟರ್ ಸೆನ್ಫ್ ಇದ್ದ. ಇವರ ಸಹಾಯಕ. ಅವನ ಹೆಸರಿಗೆ ಸಾಸಿವೆ ಎಂದು ಅರ್ಥ, ಆಸಾಮಿಯಲ್ಲಿ ಖಾರ ಮಾತ್ರ ಇಲ್ಲ. ಮದ್ದು ಹೇಗೆ ಕೆಲಸ ಮಾಡುತ್ತದೆ ಎಂದು ನಾನು ಕೇಳಿದೆ.

"ಬಹಳ ಸುಲಭ ಹೆಡ್ವಿಗ್" ಎಂದರು ನಮ್ಮವರು, ಸೂಪಿನ ಚಮಚ ಎತ್ತಿ ಹಿಡಿದು. "ಆರೋಗ್ಯವಾಗಿರೋನಿಗೆ ಚುಚ್ಚಿದ್ರೆ ಏನೂ ಆಗಲ್ಲ. ಕ್ಷಯ ಇರೋನಿಗೆ ಚುಚ್ಚಿದ್ರೆ ಜ್ವರ ಬರುತ್ತೆ. ಮದ್ದು ಹೋಗಿ ರೋಗಾಣೂನ ಹಿಡ್ಕೊಂಡಿದೆ, ಒಳಗೆ ಜಗಳ ಹತ್ತಿದೆ ಅಂತ ಅರ್ಥ. ಜ್ವರ ಜೋರಾಗಿದ್ದಷ್ಟೂ ಒಳ್ಳೇದು."

"ನಾವದನ್ನ ಚೆನ್ನಾಗಿ ಪ್ರತಿಕ್ರಿಯಿಸಿದ್ದಾರೆ ಅಂತೀವಿ, ಪ್ರೊಫೆಸರ್ ಅಮ್ಮಾವ್ರೇ" ಎಂದು ಸೆನ್ಫ್ ಸೇರಿಸಿದ.

ಗ್ಯೋರ್ಲಿಟ್ಸ್‌ನಲ್ಲಿರುವ ನನ್ನ ತಂಗಿ ಟಿಲ್ಲಿಗೆ ಬೇಸಿಗೆಯಲ್ಲಿ ಕೆಮ್ಮಿನ ಜೊತೆ ರಕ್ತ ಕಾಣಿಸಿಕೊಂಡಿತ್ತು. ಮನೆಯಲ್ಲೇ ಮದ್ದಿರುವಾಗ ಅವಳು ಅಲ್ಲೇಕೆ ನರಳಬೇಕು? ನಾಳೆಯೇ ಬಾ ಎಂದು ತಂತಿ ಕೊಡುತ್ತೇನೆ.

ಅಕ್ಟೋಬರ್ ೧೫

ಟಿಲ್ಲಿ ಬಂದಳು. ಟೋಪಿ ಹೊಲಿಯುವವಳಿಗೆ ತಕ್ಕ ಹಾಗೆ ಟೋಪಿಯ ಮೇಲೊಂದು ಹಕ್ಕಿಯನ್ನೇ ಕೂರಿಸಿಕೊಂಡು ಬಂದಿದ್ದಾಳೆ. ಸ್ವಲ್ಪ ಸೊರಗಿದ್ದಾಳೆ, ಆದರೆ ಬಾಯಿ ಏನೂ ಸೊರಗಿಲ್ಲ. ಬಂದವಳೇ ಗಸಗಸೆ ಕೇಕಿನ ಎರಡು ತುಂಡು ಮುಗಿಸಿದಳು. "ಅಕ್ಕಾ, ನಿಮ್ಮ ಮನೇಲಿ ಎಲ್ಲಾ ಸೋಪಿನ ವಾಸನೆ. ಕೇಕು ಕೂಡ ಸ್ನಾನ ಮಾಡ್ಕೊಂಡು ಬಂದ ಹಾಗಿದೆ" ಎಂದಳು.

ನಮ್ಮವರು ಅವಳ ಕಫ ನೋಡಿದರು. ಸೂಕ್ಷ್ಮದರ್ಶಕದಿಂದ ತಲೆ ಎತ್ತಿದಾಗ ಅವರ ಮುಖ ಅರಳಿತ್ತು. "ಇದೆ! ಇದ್ದೇ ಇದೆ!" ಎಂದರು. ಟಿಲ್ಲಿ ನನ್ನ ಕಡೆ ತಿರುಗಿ, "ಭಾವನಿಗೆ ನನ್ನ ಮೇಲೆ ಇಷ್ಟೊಂದು ಪ್ರೀತಿ ಇರೋದು ಗೊತ್ತೇ ಇರ್ಲಿಲ್ಲ" ಎಂದಳು.

ಆಮೇಲೆ ಅವರು ನನಗೆ ಬೇರೆಯಾಗಿ ಹೇಳಿದರು: "ಸ್ವಂತ ನಾದಿನಿಗೇ ಚುಚ್ಚಿದ್ದೀನಿ ಅಂದ್ರೆ ಬರ್ಲಿನ್‌ನೋರು ಬಾಯಿ ಮುಚ್ಕೋತಾರೆ." ಬರ್ಲಿನ್‌ನವರೂ ಇಂಥದೇ ಮದ್ದಿನ ಹಿಂದೆ ಬಿದ್ದಿದ್ದಾರಂತೆ, ಇವರಿಗೆ ಅದೇ ಚಿಂತೆ. ಚಿಂತೆಯಲ್ಲಿರುವ ಮನುಷ್ಯ ಏನೇನೋ ಹೇಳುತ್ತಾನೆ. ಟಿಲ್ಲಿ ಗುಣವಾದರೆ ಸಾಕು ನನಗೆ.

ಅಕ್ಟೋಬರ್ ೧೯

ಬೆಳಗ್ಗೆ ಬೆನ್ನಿಗೆ ಚುಚ್ಚಿದರು. ಮಧ್ಯಾಹ್ನ ಟಿಲ್ಲಿಗೆ ನಡುಕ ಹತ್ತಿತು. ಹಲ್ಲು ಕಟಕಟ ಎನ್ನುವ ಸದ್ದು ವಾರ್ಡಿನ ಬಾಗಿಲಿಗೇ ಕೇಳಿಸುತ್ತಿತ್ತು. ಸಂಜೆಗೆ ಜ್ವರ ನಲವತ್ತೊಂದು ಡಿಗ್ರಿ ಸೆಂಟಿಗ್ರೇಡ್ ದಾಟಿತು. ಸೆನ್ಫ್ ಮೆಟ್ಟಿಲನ್ನು ಎರಡೆರಡಾಗಿ ಹಾರಿಕೊಂಡು ಬಂದು ನನ್ನ ಕೈ ಕುಲುಕಿದ. "ಅಭಿನಂದನೆಗಳು ಅಮ್ಮಾವ್ರೇ! ತುಂಬಾ ಚೆನ್ನಾಗಿ ಪ್ರತಿಕ್ರಿಯಿಸಿದ್ದಾರೆ!"

ನಮ್ಮವರು ರೈನ್ ವೈನಿನ ಬಾಟಲಿ ತೆಗೆದರು. ನಾನೂ ಒಂದು ಗ್ಲಾಸು ಕುಡಿದೆ. ಸಂತೋಷವಾಗಿತ್ತು, ಸುಳ್ಳೇಕೆ ಹೇಳಲಿ.

ಕೆಳಗೆ ಹೋಗಿ ಟಿಲ್ಲಿಗೆ ಹೇಳಿದೆ. ಕಣ್ಣು ಮುಚ್ಚಿಕೊಂಡೇ ನಕ್ಕಳು. "ಚಿಕ್ಕವಳಿದ್ದಾಗ ನಂಗೆ ಜ್ವರ ಬಂದ್ರೆ ಅಮ್ಮ ಅಳ್ತಿದ್ಲು. ಈಗ ನೋಡು, ಊರಿಗೆಲ್ಲ ಹಬ್ಬ."

ನವೆಂಬರ್ ೨

ಮದ್ದು ಕೊಡುವುದು ನಡೆದಿದೆ, ಪ್ರಮಾಣ ಏರಿಸುತ್ತಿದ್ದಾರೆ. ಪ್ರತಿ ಸಲವೂ ಜ್ವರ. ಟಿಲ್ಲಿ ಊಟ ಬಿಟ್ಟಿದ್ದಾಳೆ. ಬೇಕರಿಯಿಂದ ಅವಳಿಗಿಷ್ಟವಾದ ಕೇಕು ತರಿಸಿದರೆ ಮುಖ ತಿರುಗಿಸುತ್ತಾಳೆ. ರೋಗ ಸೋಲುವ ಮುಂಚೆ ಹೀಗೆ ಕೊನೆಯ ಪಟ್ಟು ಹಾಕುತ್ತದೆ ಎಂದು ಆಲ್ವಿನ್ ಹೇಳುತ್ತಾರೆ. ಇರಬಹುದು. ಅವರು ಇಪ್ಪತ್ತು ವರ್ಷ ಓದಿದವರು, ನಾನು ಬಣ್ಣ ಹಾಕಿದವಳು.

ಮೆಟ್ಟಿಲ ಮೇಲೆ ದಿನಾ ಒಬ್ಬಳು ಸಿಗುತ್ತಾಳೆ. ಕಲೂಜಾ ಎಂದು ಹೆಸರು, ಗಂಡನಿಗೆ ಕಲ್ಲಿದ್ದಲ ಗಣಿಯಲ್ಲಿ ಕೆಲಸ. ಒಂಬತ್ತು ವರ್ಷದ ಮಗಳು ಲೇನಾಳನ್ನು ಶಾಲಿನಲ್ಲಿ ಸುತ್ತಿಕೊಂಡು ಬರುತ್ತಾಳೆ. ಹುಡುಗಿ ಕೆಮ್ಮುತ್ತಾಳೆ, ಆದರೆ ಮೆಟ್ಟಿಲ ಕಂಬಿಯ ಮೇಲೆ ಜಾರುತ್ತಾಳೆ, ಬೈಸಿಕೊಳ್ಳುತ್ತಾಳೆ, ಮತ್ತೆ ಜಾರುತ್ತಾಳೆ.

"ಅಮ್ಮಾ, ನಿಮ್ಮ ತಂಗಿಗೂ ಇದನ್ನೇ ಕೊಡ್ತಿದಾರಂತಲ್ಲ? ಹೆಂಗಿದಾರೆ?"

"ಚೆನ್ನಾಗಿದ್ದಾಳೆ" ಎಂದೆ. "ನನ್ನ ಒಡಹುಟ್ಟಿದವಳಿಗೇ ಕೊಡಿಸಿದ್ದೀನಿ ಅಂದ ಮೇಲೆ ಯೋಚನೆ ಏನು ಬಂತು?"

ಸುತ್ತ ಇದ್ದವರೆಲ್ಲ ತಲೆ ಆಡಿಸಿದರು.

ನವೆಂಬರ್ ೧೧

ಸೇಂಟ್ ಮಾರ್ಟಿನ್ ಹಬ್ಬ. ಬಾತುಕೋಳಿ ಹುರಿದಿದ್ದೆ. ಟಿಲ್ಲಿಯನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಮೇಲೆ ಹೊತ್ತು ತಂದರು. ವಾಸನೆಗೇ ಅವಳಿಗೆ ವಾಂತಿಯಾಯಿತು. ಅತಿಥಿಗಳ ಮುಂದೆ ಹೀಗಾಯಿತಲ್ಲ ಎಂದು ಆಲ್ವಿನ್ ಮುಖ ಗಂಟಾಯಿತು.

ಊಟವಾದ ಮೇಲೆ ಸೆನ್ಫ್‌ನನ್ನು ಕೇಳಿದೆ: "ಮನುಷ್ಯರಿಗೆ ಕೊಡೋ ಮುಂಚೆ ಗಿನಿ ಇಲಿಗಳಿಗೆ ಕೊಟ್ಟಿರಿ ಅಲ್ವಾ? ಗುಣವಾಗಿರೋ ಒಂದನ್ನ ತೋರಿಸಿ. ಟಿಲ್ಲಿಗೆ ತೋರಿಸಿದ್ರೆ ಧೈರ್ಯ ಬರುತ್ತೆ."

ಅವನು ಕರವಸ್ತ್ರ ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ಅವನ್ನೆಲ್ಲಾ ಕೊಯ್ದು ನೋಡಿಬಿಟ್ವಿ ಅಮ್ಮಾವ್ರೇ. ಪರೀಕ್ಷೆಗೆ ಬೇಕಾಗುತ್ತಲ್ಲ."

"ಎಲ್ಲಾನೂನಾ? ಗುಣ ಆದವನ್ನೂ?"

"ಗುಣ ಆಗ್ತಾ ಇದ್ದವನ್ನ."

ಆಲ್ವಿನ್‌ಗೆ ಕೇಳಿಸಿತು. "ಹೆಡ್ವಿಗ್, ನಿನ್ನ ಕೆಲಸ ಬಾತುಕೋಳಿ ನೋಡ್ಕೊಳ್ಳೋದು. ಇಲಿ ನಾನು ನೋಡ್ಕೋತೀನಿ" ಎಂದರು. ಎಲ್ಲರೂ ನಕ್ಕರು. ನಗಲಿ. ನಾನು ಕೇಳಿದ್ದು ಟಿಲ್ಲಿಯ ಧೈರ್ಯಕ್ಕೆ, ನನಗೇನೂ ಅನುಮಾನ ಇರಲಿಲ್ಲ. ಇಲ್ಲ.

ನವೆಂಬರ್ ೨೦

"ನಿಲ್ಸು ಅಂತ ಭಾವನಿಗೆ ಹೇಳಕ್ಕಾ" ಎಂದಳು ಟಿಲ್ಲಿ. ನನ್ನ ಬೆರಳುಗಳನ್ನು ಹಿಡಿದುಕೊಂಡಿದ್ದಳು. ಅವಳ ಕೈಯಲ್ಲಿ ಮೂಳೆ ಬಿಟ್ಟು ಏನೂ ಇಲ್ಲ. "ಬರೋವಾಗ ನಾನು ನಡ್ಕೊಂಡು ಬಂದೆ. ನೆನಪಿದೆಯಾ? ಸ್ಟೇಷನ್ನಿಂದ ನಡ್ಕೊಂಡೇ ಬಂದೆ."

ಆಲ್ವಿನ್‌ಗೆ ಹೇಳಿದೆ. ಈಗ ನಿಲ್ಲಿಸಿದರೆ ಇಷ್ಟು ದಿನದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಗುತ್ತದಂತೆ. ಮಂತ್ರಿಗಳು ಡಿಸೆಂಬರ್‌ನಲ್ಲಿ ಆಸ್ಪತ್ರೆ ನೋಡಲು ಬರುವ ಹೊತ್ತಿಗೆ ಅವಳು ಎದ್ದು ಕೂತಿರುತ್ತಾಳಂತೆ. ಇನ್ನೆರಡು ಸಲ, ಎರಡೇ.

ಇನ್ನೆರಡೇ ಸಲ ಎಂದು ನಾನೇ ಹೋಗಿ ಅವಳಿಗೆ ಹೇಳಿದೆ. ಅವಳು ಜಗಳ ಆಡಲಿಲ್ಲ. ಜಗಳ ಆಡಿದ್ದರೆ ಚೆನ್ನಾಗಿತ್ತು.

ನವೆಂಬರ್ ೨೭

ಟಿಲ್ಲಿ ಹೋದಳು. ಬೆಳಗ್ಗೆ, ನಾನು ಕಾಫಿ ತರಲು ಹೋಗಿದ್ದಾಗ.

ನವೆಂಬರ್ ೨೮

ಪ್ರೊಫೆಸರ್ ತಿಂಡಿಯ ಹೊತ್ತಿಗೆ ಟಿಲ್ಲಿಯ ಬಗ್ಗೆ ಒಳ್ಳೆಯ ಮಾತು ಹೇಳಿದರು. ಧೈರ್ಯವಂತೆ, ವಿಜ್ಞಾನಕ್ಕೆ ಉಪಕಾರ ಮಾಡಿದಳು ಎಂದರು. ಆಮೇಲೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ, "ಕೊಯ್ದು ನೋಡ್ಬೇಕಾಗುತ್ತೆ. ಹತ್ತಿರದವಳು ನೀನೇ, ನಿನ್ನ ಒಪ್ಪಿಗೆ ಬೇಕು" ಎಂದರು.

"ಕೊಯ್ಯಿರಿ" ಎಂದೆ. "ಗಾಜಿಗೆ ಬಣ್ಣ ನಾನು ಹಾಕ್ತೀನಿ."

ಬೆಣ್ಣೆಯ ಚಾಕು ನಿಂತಿತು. "ಆಗ್ಲಿ" ಎಂದರು.

ಕೈ ಮರೆತಿರಲಿಲ್ಲ. ಮೊದಲು ಕೆಂಪು, ಬಿಸಿ ಮಾಡುವುದು, ಆಮ್ಲದಲ್ಲಿ ತೊಳೆಯುವುದು, ಆಮೇಲೆ ನೀಲಿ. ಅಡುಗೆಮನೆಯ ಕಿಟಕಿಯಲ್ಲಿ ನೂರಾರು ಸಲ ಮಾಡಿದ ಕೆಲಸ. ಟಿಲ್ಲಿಯ ಶ್ವಾಸಕೋಶದ ಒಂದು ಮೂಲೆಯಲ್ಲಿ ಹಳೆಯ ಗಾಯ ತಾನೇ ಮಾಗಿ, ಸುಣ್ಣದ ಗಂಟಿನಂತೆ ಗಟ್ಟಿಯಾಗಿತ್ತು. ಅದು ಮಾಗಿಯೇ ಇತ್ತು, ಅವಳು ಸ್ಟೇಷನ್ನಿನಿಂದ ನಡೆದು ಬಂದಾಗಲೂ. ಈಗ ಅದರ ಗೋಡೆ ಕರಗಿ ಒಡೆದಿದೆ. ಅಲ್ಲಿಂದ ಹೊರಟ ಕೆಂಪು ಕಡ್ಡಿಗಳು, ಕ್ಷಯದ ರೋಗಾಣುಗಳು, ಗಾಜು ಎತ್ತ ಸರಿಸಿದರೂ ಇವೆ. ಅವುಗಳನ್ನು ಯಾರೂ ಕೊಂದಿಲ್ಲ, ಮಲಗಿದ್ದವನ್ನು ಎಬ್ಬಿಸಿ ಓಡಿಸಿದ್ದಾರೆ.

ಪ್ರೊಫೆಸರ್ ಬಹಳ ಹೊತ್ತು ನೋಡಿದರು. "ಬಣ್ಣ ಸರಿಯಾಗಿ ಹತ್ತಿಲ್ಲ" ಎಂದರು. "ಇದು ಹೃದಯದ ದೌರ್ಬಲ್ಯ."

ಸೆನ್ಫ್ ಕೂಡ ನೋಡಿದ. ಬೇರೆ ಕೋಣೆಗೆ ಹೋಗಿ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

ಡಿಸೆಂಬರ್ ೫

ಊಟ ಬೇರೆ ಬೇರೆ. ಪ್ರೊಫೆಸರ್‌ಗೆ ಕೆಲಸ ಹೆಚ್ಚಂತೆ. ನನಗೂ ಒಂದು ತಟ್ಟೆ ಕಡಿಮೆ ತೊಳೆದ ಹಾಗಾಯಿತು.

ಲೇನಾಗೆ ಹಾಸಿಗೆ ಸಿಕ್ಕಿದೆ, ಸೋಮವಾರದ ನಂತರ ಮದ್ದು ಶುರು ಎಂದು ಕಲೂಜಾ ಇವತ್ತು ಹಲ್ಲು ಬಿಟ್ಟುಕೊಂಡು ಹೇಳಿದಳು. ಅವಳನ್ನು ಮೆಟ್ಟಿಲ ಮೂಲೆಗೆ ಎಳೆದು, "ಮಗೂನ ಮನೆಗೆ ಕರ್ಕೊಂಡು ಹೋಗು" ಎಂದೆ. "ಹಾಲು ಕೊಡು, ಕಿಟಕಿ ತೆಗೆದು ಮಲಗಿಸು. ಆಟ ಆಡ್ತಾಳಲ್ಲ, ಆಡ್ಲಿ. ಈ ಮದ್ದು ಬೇಡ."

"ಯಾಕಮ್ಮಾ?"

"ನನ್ನ ತಂಗಿ ಇದರಿಂದ್ಲೇ ಸತ್ತಳು."

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಕಪ್ಪು ರೇಷ್ಮೆಯನ್ನು, ಬ್ರೂಚನ್ನು. "ಎದೆ ಬಲ ಇರ್ಲಿಲ್ವಂತೆ ಅವರಿಗೆ, ಡಾಕ್ಟ್ರು ಹೇಳಿದ್ರು. ಹೋದ ತಿಂಗಳು ನೀವೇ ಯೋಚನೆ ಏನು ಬಂತು ಅಂದ್ರಿ. ಈಗ ನಮ್ಮ ಸರದಿ ಬಂತು ಅಂದ್ರೆ ಬೇಡವಾ?"

"ಮಂತ್ರಿಗಳ ಕಡೆಯೋರಿಗೆ ಎತ್ತಿಡಬೇಕಲ್ಲ ಮದ್ದು!" ಎಂದು ಹಿಂದಿನಿಂದ ಒಬ್ಬ ಕೂಗಿದ. "ನಮ್ಮಂತೋರಿಗೆ ಹಾಲಂತೆ, ಗಾಳಿಯಂತೆ!"

ಎಲ್ಲರೂ ಬಾಯಿಗೆ ಬಂದ ಹಾಗೆ ಅಂದರು. ಇವರಿಗೆ ಒಳ್ಳೆಯದು ಹೇಳಲು ಹೋಗಿ ನನಗೆ ಸಿಕ್ಕಿದ್ದು ಇದು. ನನಗೆ ಕೋಪ ಬಂತು, ಬಾಗಿಲು ಹಾಕಿಕೊಂಡು ಮೇಲೆ ಬಂದೆ. ಕೋಪ ಅವರ ಮೇಲೆಯೇ ಎಂದು ಮೊದಲು ಅಂದುಕೊಂಡಿದ್ದೆ.

ಡಿಸೆಂಬರ್ ೯, ಸೋಮವಾರ

ಮೆಟ್ಟಿಲ ಮೇಲಿನ ಮಾತು ಪ್ರೊಫೆಸರ್ ಕಿವಿಗೆ ಬಿತ್ತು. ಬರ್ಲಿನ್‌ನ ಒಂದು ಪತ್ರಿಕೆಯೂ ಕಾಲು ಎಳೆದಿತ್ತು: ಬ್ರೆಸ್ಲಾವ್‌ನ ಮದ್ದು ಅಷ್ಟು ಸಾಧುವಾಗಿದ್ದರೆ ಪ್ರೊಫೆಸರ್ ತಾವೇ ಯಾಕೆ ರುಚಿ ನೋಡಬಾರದು ಎಂದು. ಒಂದು ಕಡೆ ಬರ್ಲಿನ್, ಒಂದು ಕಡೆ ಹೆಂಡತಿ. ಅವರ ಮೂಗು ಬೆಳ್ಳಗಾಗಿತ್ತು. ಕೋಪ ಬಂದಾಗ ಹಾಗಾಗುತ್ತದೆ, ಮದುವೆಯಾದ ಹೊಸದರಲ್ಲಿ ಅದನ್ನು ನೋಡಿ ನನಗೆ ಮುದ್ದು ಬರುತ್ತಿತ್ತು.

"ಬಾ" ಎಂದು ನನ್ನನ್ನು ಪ್ರಯೋಗಶಾಲೆಗೆ ಕರೆದುಕೊಂಡು ಹೋದರು. ಎಲ್ಲ ಸಹಾಯಕರನ್ನೂ ನಿಲ್ಲಿಸಿದರು. ಕೋಟು ಬಿಚ್ಚಿ ಅಂಗಿಯ ತೋಳು ಮಡಿಸಿದರು. "ನನಗೆ ಕ್ಷಯ ಇಲ್ಲ. ಆದ್ದರಿಂದ ನನಗೆ ಏನೂ ಆಗಲ್ಲ. ಎಲ್ಲರೂ ನೋಡಿ, ನನ್ನ ಹೆಂಡತೀನೂ ನೋಡ್ಲಿ."

ಸೆನ್ಫ್ ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿದ. "ಸ್ವಲ್ಪ ಕಡಿಮೆ ಪ್ರಮಾಣ..." ಎಂದ.

"ಅವಳ ತಂಗಿಗೆ ಕೊಟ್ಟಷ್ಟೇ ಕೊಡು" ಎಂದರು.

ತೋಳನ್ನು ನಾನೇ ಹಿಡಿದುಕೊಂಡೆ. ಮಧ್ಯಾಹ್ನ ಪಾಠ ಮಾಡಲು ಹೊರಟ ಆಲ್ವಿನ್ ಬಾಗಿಲ ಚೌಕಟ್ಟು ಹಿಡಿದು ನಿಂತ. ನಡುಕ ಹತ್ತಿತ್ತು.

ಡಿಸೆಂಬರ್ ೧೦

ಬೆಳಗ್ಗೆ ಜ್ವರ ಕೆಂಡದಂತೆ ಕಾಯುತ್ತಿತ್ತು. ಮೂರು ಕಂಬಳಿ ಹೊದ್ದರೂ ಮಂಚ ಅಲ್ಲಾಡುತ್ತಿತ್ತು. ನನ್ನನ್ನು ಹತ್ತಿರ ಕರೆದ.

"ಯಾರಾದ್ರೂ ಕೇಳಿದ್ರೆ ನೆಗಡಿ ಅನ್ನು."

"ನೆಗಡಿ ಅಲ್ಲ ಇದು."

"ಹೆಡ್ವಿಗ್, ಅನ್ನು. ಮಂತ್ರಿಗಳು ಬರೋವರೆಗೆ."

ನಾನು ಮಂಚದ ಪಕ್ಕ ಕೂತೆ. ಒದ್ದೆ ಬಟ್ಟೆ ಹಣೆಗಿಟ್ಟೆ. ಕೋಪವಿಲ್ಲದೆ, ಲೆಕ್ಕದ ಮೇಷ್ಟ್ರು ಕೇಳುವ ಹಾಗೆ ಕೇಳಿದೆ: "ನಿನ್ನ ಮಾತೇ ಹಿಡಿಯೋಣ. ಕ್ಷಯ ಇರೋರಿಗೆ ಮಾತ್ರ ಜ್ವರ ಬರುತ್ತೆ ಅಂದೆ. ಹಾಗಿದ್ರೆ ನಿನಗೆ ಕ್ಷಯ ಇದೆ. ಇಲ್ಲ ಅಂತೀಯಾ, ಹಾಗಾದ್ರೆ ನಿನ್ನ ಮಾತು ಸುಳ್ಳು, ಟಿಲ್ಲೀದು ಒಳ್ಳೇ ಜ್ವರ ಅಲ್ಲ. ಎರಡರಲ್ಲಿ ಒಂದು ಹೇಳು."

ಅವನು ಗೋಡೆಯ ಕಡೆ ತಿರುಗಿ ಮಲಗಿದ. ಟಿಲ್ಲಿಯ ಕೈ ಹಿಡಿದುಕೊಂಡು ನಾನು ಅವಳಿಗೆ ಸುಳ್ಳು ಹೇಳಿದೆ, ಇವನು ಒಂದು ಹೆಸರು ಮಾಡಿಕೊಳ್ಳುವ ಆಸೆಗೆ ಅವಳನ್ನು ಸುಟ್ಟ. ಅವನ ಬೆನ್ನನ್ನು ನೋಡುತ್ತಾ ಇದನ್ನು ಯೋಚಿಸಿದೆ. ಆ ಹಣೆಯ ಬಟ್ಟೆಯನ್ನು ಮತ್ತೆ ಒದ್ದೆ ಮಾಡಿದ್ದೂ ನಾನೇ. ಅಭ್ಯಾಸ.

ಲೇನಾಗೆ ಇವತ್ತೇ ಮದ್ದು ಶುರು. ಅದು ನೆನಪಾಗಿ ಶಾಲು ಕೂಡ ಹೊದೆಯದೆ ಕೆಳಗೆ ಓಡಿದೆ. ಈ ಸಲ ಮೂಲೆಗೆ ಯಾರನ್ನೂ ಎಳೆಯಲಿಲ್ಲ. ಮೆಟ್ಟಿಲ ನಡುವೆ ನಿಂತು ಗಟ್ಟಿಯಾಗಿ ಹೇಳಿದೆ.

"ಎಲ್ಲರೂ ಕೇಳಿ. ಪ್ರೊಫೆಸರ್ ನಿನ್ನೆ ಈ ಮದ್ದನ್ನ ತಾವೇ ಚುಚ್ಚಿಸಿಕೊಂಡ್ರು. ನನ್ನ ಕಣ್ಣೆದುರಿಗೆ. ಈಗ ಮೇಲೆ ಜ್ವರದಲ್ಲಿ ನಡುಗ್ತಾ ಮಲಗಿದ್ದಾರೆ. ಇದು ನಿಜ, ದೇವರಾಣೆ."

ಕೆಮ್ಮು ಕೂಡ ನಿಂತುಹೋಯಿತು. ಮುಗಿಯಿತು, ಇನ್ನು ಎಲ್ಲರೂ ಮನೆಗೆ ಹೋಗುತ್ತಾರೆ ಎಂದುಕೊಂಡೆ.

ಮೊದಲು ಟೋಪಿ ತೆಗೆದವನು, ಅವತ್ತು ನನ್ನನ್ನು ಹಂಗಿಸಿದವನೇ. "ತಮ್ಮ ಮೈಗೇ ಚುಚ್ಚಿಸಿಕೊಂಡ್ರಾ!" ಎಂದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಟೋಪಿ ತೆಗೆದರು. "ನಮಗೋಸ್ಕರ" ಎಂದು ಯಾರೋ ಮುದುಕಿ ಬಿಕ್ಕಿದಳು. "ಜ್ವರ ಬಂತಂತೆ, ಹಾಗಾದ್ರೆ ಮದ್ದು ಚುರುಕಾಗೇ ಇದೆ" ಎಂದು ಇನ್ನೊಬ್ಬ. ಕಲೂಜಾ ಜನರನ್ನು ತಳ್ಳಿಕೊಂಡು ಬಂದು ನನ್ನ ಎರಡೂ ಕೈಗೆ ಮುತ್ತಿಟ್ಟಳು. "ಅವತ್ತು ಏನೇನೋ ಅಂದ್ಬಿಟ್ಟೆ, ಮನಸ್ಸಿಗೆ ಹಚ್ಕೋಬೇಡಿ ತಾಯಿ."

"ಅದಲ್ಲ ನಾನು ಹೇಳಿದ್ದು!" ಎಂದು ಕೂಗಿದೆ. "ಇದರಿಂದ ಜ್ವರ ಬರುತ್ತೆ, ಇದು ಕೊಲ್ಲುತ್ತೆ! ನನ್ನ ತಂಗಿ..."

"ಹೌದಮ್ಮಾ, ಹೌದು, ತಂಗೀನ ಕಳ್ಕೊಂಡ ದುಃಖ" ಎಂದು ಮುದುಕಿ ನನ್ನ ಬೆನ್ನು ಸವರಿದಳು. ಯಾರೋ ನನ್ನ ಹೆಗಲಿಗೆ ಶಾಲು ಹೊದಿಸಿದರು. ಮಧ್ಯಾಹ್ನದ ಹೊತ್ತಿಗೆ ಸಾಲು ಬೀದಿ ದಾಟಿ ಓಡರ್ ನದಿಯ ಸೇತುವೆ ಮುಟ್ಟಿತ್ತು.

ಡಿಸೆಂಬರ್ ೧೧

ಅವನಿಗೆ ಜ್ವರ ಇಳಿದಿದೆ. ದಿಂಬಿಗೆ ಒರಗಿ ಕೂತು ಆಲೂಗಡ್ಡೆ ಸೂಪು ಕುಡಿದ, ಉಪ್ಪು ಕಡಿಮೆ ಎಂದ. ಮೆಟ್ಟಿಲ ಮೇಲೆ ನಡೆದದ್ದನ್ನು ಸೆನ್ಫ್ ಹೇಳಿದ್ದಾನೆ. "ನೀನು ಮಾಡಿದ್ದು ಹತ್ತು ಭಾಷಣಕ್ಕೆ ಸಮ ಹೆಡ್ವಿಗ್" ಎಂದು ನನ್ನ ಕೈ ಹಿಡಿದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಕೈ ಬಿಡಿಸಿಕೊಂಡು ಕೆಳಗೆ ಬಂದೆ.

ವಾರ್ಡಿನಲ್ಲಿ, ಟಿಲ್ಲಿ ಮಲಗಿದ್ದ ಕಡೆಯಲ್ಲೇ ಅಲ್ಲ, ಅದರ ಎದುರಿಗೆ, ಲೇನಾಳನ್ನು ಮಲಗಿಸಿದ್ದಾರೆ. ಹಲ್ಲು ಕಟಕಟ ಎನ್ನುತ್ತಿತ್ತು. ನನ್ನ ಗುರುತು ಹಿಡಿದು ನಗಲು ನೋಡಿದಳು. ಸೆನ್ಫ್ ಮಂಚದ ಕೊನೆಯಲ್ಲಿ ನಿಂತಿದ್ದ, ನನ್ನ ಮುಖ ನೋಡಲಿಲ್ಲ.

"ನೀನೂ ಆ ಗಾಜು ನೋಡಿದ್ದೆ" ಎಂದೆ. "ಆದ್ರೂ ಚುಚ್ಚಿದೆ."

"ನನಗೆ ಮನಸ್ಸಿರಲಿಲ್ಲ ಅಮ್ಮಾವ್ರೇ. ಇನ್ನೊಂದು ವಾರ ತಡೀರಿ ಅಂತ ತಾಯಿಗೆ ಹೇಳಿದೆ. ಕೇಳಲಿಲ್ಲ. 'ಇನ್ನೇನು ಯೋಚನೆ, ಪ್ರೊಫೆಸರ್ ಹೆಂಡ್ತಿಯೋರೇ ದೇವರಾಣೆ ಮಾಡಿ ಹೇಳಿದಾರೆ, ಈಗ್ಲೇ ಚುಚ್ಚಿ' ಅಂದಳು."